ಟ್ಯಾಕ್ಸಿಯ ನೆತ್ತಿಗೆ ನೀರು

ಯುದ್ಧದ ಸಿನಿಮಾ ತೆಗೆಯುವ ಹುಡುಗರಿಗೆ ಬಸ್ರಾದಲ್ಲಿ ಬರವೇ? ಕಲಾಶಾಲೆಯ ಕೊನೆಯ ಪರೀಕ್ಷೆಗೆ ತಲೆಗೊಂದು ಸಿನಿಮಾದ ಆರಂಭ ಮಾಡಿ ತನ್ನಿ ಎಂದರೆ ಅರ್ಧಕ್ಕರ್ಧ ಮಂದಿ ಯುದ್ಧವನ್ನೇ ತರುತ್ತಾರೆ. ಪಟಾಕಿ ಸಿಡಿಸಿ ಬಾಂಬು ಅನ್ನುತ್ತಾರೆ, ದಾಳಿಂಬೆ ರಸ ಚೆಲ್ಲಿ ರಕ್ತ ಅನ್ನುತ್ತಾರೆ, ಸೋದರಮಾವನ ಹಳೇ ಬೂಟು ಮೆಟ್ಟಿಕೊಂಡು ಖರ್ಜೂರದ ತೋಪಿನಲ್ಲಿ ಬಿದ್ದು ಹೊರಳಾಡುತ್ತಾರೆ. ಪರೀಕ್ಷಕರಲ್ಲಿ ಹಿರಿಯನಾದ ಉಸ್ತಾದ್ ಖುದೈರ್ ಇಂಥವನ್ನು ನೋಡಿ ನೋಡಿ ರೋಸಿಹೋಗಿದ್ದ. ಇರಾನಿನ ಜೊತೆಗಿನ ಆ ದರಿದ್ರ ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡವನು ಅವನು. ಆದರೆ ಶಾಲೆಯಲ್ಲಿ ಯಾರ ಹತ್ತಿರವೂ ಆ ಮಾತು ಎತ್ತಿದವನಲ್ಲ.

ಆ ದಿನ ಕೊನೆಗೆ ಉಳಿದದ್ದು ರಬಾಬ್ ಎಂಬ ಹುಡುಗಿಯದು. ಆರಂಭ ಗೆದ್ದರೆ ಶಾಲೆಯೇ ಕ್ಯಾಮೆರಾ ಕೊಟ್ಟು ಪೂರ್ತಿ ಸಿನಿಮಾ ತೆಗೆಸುತ್ತದೆ. ಬಿದ್ದರೆ ಅಲ್ಲಿಗೆ ಮುಗಿಯಿತು. ಮೂವರು ಪರೀಕ್ಷಕರಲ್ಲಿ ಇಬ್ಬರು ಒಪ್ಪಬೇಕು. ಹುಡುಗಿ ಬಾಗಿಲ ಪಕ್ಕ ಗೋಡೆಗಂಟಿ ನಿಂತಿದ್ದಳು. ಕೂತುಕೋ ಎಂದರೂ ಕೂರಲಿಲ್ಲ.

ಪರದೆಯ ಮೇಲೆ ಒಂದು ಓಣಿ. ಸುಡುವ ಮಧ್ಯಾಹ್ನ. ದೂರದಿಂದ ಕಿತ್ತಳೆ-ಬಿಳಿ ಬಣ್ಣದ ಟ್ಯಾಕ್ಸಿ ನಿಧಾನವಾಗಿ ಬರುತ್ತದೆ, ಅದರ ನೆತ್ತಿಯ ಮೇಲೆ ಹಗ್ಗ ಬಿಗಿದ ಶವಪೆಟ್ಟಿಗೆ, ಪೆಟ್ಟಿಗೆಗೆ ಹೊದಿಸಿದ ಬಾವುಟ. ಆ ಕಾಲದಲ್ಲಿ ಸತ್ತ ಸಿಪಾಯಿಗಳು ಮನೆಗೆ ಬರುತ್ತಿದ್ದದ್ದೇ ಹಾಗೆ. ಬಾಗಿಲು ಬಾಗಿಲಲ್ಲೂ ಹೆಂಗಸರು ನಿಂತಿದ್ದಾರೆ. ಟ್ಯಾಕ್ಸಿ ಯಾರ ಬಾಗಿಲು ದಾಟುತ್ತದೋ ಅವಳಿಗೆ ಹೋದ ಉಸಿರು ಬರುತ್ತದೆ, ಮುಂದಿನ ಬಾಗಿಲಿನವಳ ಕೈ ಎದೆಗೆ ಹೋಗುತ್ತದೆ. ಕೊನೆಯ ಮನೆಯ ಮುಂದೆ, ಬೋರೆ ಮರದ ನೆರಳಲ್ಲಿ ಟ್ಯಾಕ್ಸಿ ನಿಲ್ಲುತ್ತದೆ.

ಆ ಮನೆಯಿಂದ ಒಬ್ಬ ಹೆಂಗಸು ಹೊರಗೆ ಬರುತ್ತಾಳೆ. ನಗುತ್ತಾ ಬರುತ್ತಾಳೆ! ಕೈಯಲ್ಲಿ ನೀರಿನ ತಂಬಿಗೆ. ಚಾಲಕನಿಗೆ ಕುಡಿಯಲು ಕೊಡುತ್ತಾಳೆ. ಉಳಿದ ನೀರನ್ನು ತುದಿಗಾಲಲ್ಲಿ ನಿಂತು ಪೆಟ್ಟಿಗೆಯ ಮೇಲೆ ಚಿಮುಕಿಸುತ್ತಾಳೆ, ಅದನ್ನೇ ನೋಡುತ್ತಾ ಏನೋ ಹೇಳುತ್ತಾಳೆ. ತುಟಿ ಆಡುತ್ತದೆ, ದನಿ ಇಲ್ಲ. ಆಮೇಲೆ ಬಾಗಿಲು ತೆರೆದಿಟ್ಟು ಒಳಗೆ ಹೋಗುತ್ತಾಳೆ. ಚಾಲಕ ನಿಂತಲ್ಲೇ ನಿಂತಿರುತ್ತಾನೆ. ಪರದೆ ಕಪ್ಪಾಯಿತು.

ಖುದೈರನ ಕೈಯಲ್ಲಿದ್ದ ಚಹಾದ ಲೋಟ ಅವನ ಮಂಡಿಯ ಮೇಲೆ ಚೆಲ್ಲಿತು. ಬಿಸಿ ತಗುಲಿದ್ದು ಅವನಿಗೆ ಗೊತ್ತಾಗಲಿಲ್ಲ.

ಮೊದಲು ಬಾಯಿ ತೆಗೆದವನು ಕ್ಯಾಮೆರಾ ಪಾಠ ಹೇಳುವ ಉಸ್ತಾದ್ ರಸ್ಮಿ. "ಅಲ್ಲಮ್ಮಾ ರಬಾಬ್, ಯುದ್ಧದ ಸಿನಿಮಾ ಅಂತೀಯ, ಒಂದೇ ಒಂದು ಗುಂಡೂ ಹಾರ್ಲಿಲ್ಲವಲ್ಲ! ಹೋಗ್ಲಿ ಬಿಡು, ಓಣಿ ಚೆನ್ನಾಗಿ ಹಿಡ್ದಿದೀಯ. ಬಾವುಟಾನೂ ಆ ಕಾಲದ್ದೇ, ಈಗಿನದ್ದು ಹಾಕಿಲ್ಲ, ಭೇಷ್. ಆದ್ರೆ ಕೊನೇಲಿ ಧ್ವನಿ ಎಲ್ಲಿ ಹೋಯ್ತು? ಮೈಕ್ ಕೈಕೊಡ್ತಾ?"

"ಇಲ್ಲ ಉಸ್ತಾದ್. ಬೇಕಂತಾನೇ ಹಾಕಿಲ್ಲ."

"ಬೇಕಂತಾನೇನಾ? ಯಾಕೆ?"

ಹುಡುಗಿ ಉತ್ತರ ಹೇಳುವ ಮೊದಲೇ ಸಿತ್ತ್ ವಿಜ್ದಾನ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಸಿತ್ತ್ ಎಂದರೆ ಮೇಡಂ, ನಟನೆ ಕಲಿಸುವವಳು, ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ, ಆಗಲೇ ಆಗಿತ್ತು. "ಧ್ವನಿ ಹಾಳಾಗ್ಲಿ, ಆ ನಗು ಏನೇ ಅದು? ಹಾಂ? ಹೆತ್ತ ಮಗನ ಹೆಣ ಬಾಗಿಲಿಗೆ ಬಂದಿದೆ, ತಾಯಿ ಹಲ್ಲು ಕಿರೀತಾಳೆ! ನಮ್ಮಣ್ಣನ್ನೂ ಹೀಗೇ ಟ್ಯಾಕ್ಸಿ ಮೇಲೆ ತಂದ್ರು ಕಣೇ. ನಮ್ಮಮ್ಮ ಕೊರಳಿನ ಬಟ್ಟೆ ಹರ್ಕೊಂಡು ಮಣ್ಣಲ್ಲಿ ಉರುಳಿದ್ಲು. ನಾನು ಕಣ್ಣಾರೆ ನೋಡಿದೀನಿ. ನಿನಗೇನು ಗೊತ್ತು ಅಂತ ಇದನ್ನ ಮಾಡಿದೀಯ? ಇದು ತಾಯಂದಿರಿಗೆ ಮಾಡೋ ಅವಮಾನ!"

"ನಾನು ಕಟ್ಟಿದ್ದಲ್ಲ ಸಿತ್ತ್," ಎಂದಳು ರಬಾಬ್. ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ನಮ್ಮಜ್ಜ ಟ್ಯಾಕ್ಸಿ ಓಡಿಸ್ತಿದ್ರು. ಇದು ಅವ್ರು ಕಂಡಿದ್ದು. ಎಷ್ಟೋ ಪೆಟ್ಟಿಗೆ ಹೊತ್ತಿದಾರಂತೆ, ಆದ್ರೆ ಇದೊಂದನ್ನೇ ಹೇಳೋದು. ಹೆಂಗಸು ನಕ್ಕೊಂಡು ಬಂದ್ಲು, ನೀರು ಕೊಟ್ಲು, ಪೆಟ್ಟಿಗೆಗೂ ನೀರು ಹಾಕಿ ಏನೋ ಅಂದ್ಲು. ಇಷ್ಟು ಹೇಳಿ ಗೋಡೆ ಕಡೆ ಮುಖ ತಿರುಗಿಸಿ ಮಲಗಿಬಿಡ್ತಾರೆ. ಏನಂದ್ಲು ಅಜ್ಜಾ ಅಂತ ಕಾಲು ಹಿಡಿದು ಕೇಳಿದೀನಿ. ಹೇಳಲ್ಲ. ಗೊತ್ತಿಲ್ಲದ್ದನ್ನ ನಾನು ಹೇಗೆ ಅವಳ ಬಾಯಿಗೆ ತುರುಕ್ಲಿ? ಅದಕ್ಕೇ ಧ್ವನಿ ಹಾಕ್ಲಿಲ್ಲ."

"ನಿಮ್ಮಜ್ಜನಿಗೆ ವಯಸ್ಸಾಗಿದೆ, ಅರಳು ಮರಳು," ಎಂದಳು ವಿಜ್ದಾನ್.

"ನಿಮ್ಮಜ್ಜನ ಹೆಸರೇನು?" ಖುದೈರ್ ಕೇಳಿದ.

"ಲಫ್ತಾ ಅಂತ, ಉಸ್ತಾದ್."

ಲಫ್ತಾ! ಆ ಹೆಸರನ್ನು ಶಪಿಸದೆ ಖುದೈರನ ತಾಯಿ ಒಂದು ದಿನವೂ ಮಧ್ಯಾಹ್ನದ ಅನ್ನಕ್ಕೆ ಕೈ ಹಾಕಿದವಳಲ್ಲ.

"ನಾನಂತೂ ಇದನ್ನ ಪಾಸು ಮಾಡಲ್ಲ," ಎಂದು ವಿಜ್ದಾನ್ ಕೂತಳು. ರಸ್ಮಿ ತಲೆ ಕೆರೆದುಕೊಂಡ. "ನನಗೂ ಆ ನಗು ಗಂಟಲಲ್ಲಿ ಇಳೀತಿಲ್ಲ, ನಿಜ ಹೇಳ್ಬೇಕು ಅಂದ್ರೆ. ಖುದೈರ್, ನೀನೇನಂತೀಯ ಮಾರಾಯ? ನೀನು ಹೂಂ ಅಂದ್ರೆ ನಾನೂ ಹೂಂ. ಸುಳ್ಳು ಅನ್ನಿಸಿದ್ರೆ ಇಲ್ಲಿಗೇ ಮುಗಿಸೋಣ."

ಖುದೈರ್ ಏನು ತಾನೇ ಅನ್ನಬೇಕು? ಸುಮ್ಮನಿದ್ದರೆ ಸಾಕಿತ್ತು, ಹುಡುಗಿಯ ಸಿನಿಮಾ ತಾನಾಗಿಯೇ ಸಾಯುತ್ತಿತ್ತು. ತಾಯಿಯ ಮಾನ ಉಳಿಯುತ್ತಿತ್ತು. ಬಾಯಿ ಬಿಟ್ಟರೆ, ತಾಯಿ ಸಾಯುವಾಗ ಅವನ ಕೈ ಹಿಡಿದು ಬೇಡಿದ್ದು ಮಣ್ಣುಪಾಲಾಗುತ್ತಿತ್ತು. "ಆ ಮಾತು ನನ್ನ ಜೊತೆಗೇ ಗೋರಿಗೆ ಹೋಗ್ಲಿ ಖುದೈರ್. ಯಾರಿಗೂ ಹೇಳ್ಬೇಡ," ಎಂದಿದ್ದಳು. ಅದು ಅವಳ ಕೊನೆಯ ಬೇಡಿಕೆ. ಅದಕ್ಕೆ ಹೂಂ ಎಂದವನು ಇವನು.

ಪರದೆ ಕಪ್ಪಾಗಿತ್ತು, ಆದರೂ ಅವನ ಕಣ್ಣಿಗೆ ಆ ಬೋರೆ ಮರ ಕಾಣುತ್ತಲೇ ಇತ್ತು. ಅದು ಅವರ ಮನೆ ಮುಂದಿನ ಮರ. ಅವನ ಅಪ್ಪನೂ ಟ್ಯಾಕ್ಸಿ ಚಾಲಕ, ಲಫ್ತಾನ ಜೊತೆಗಾರ. ಯುದ್ಧ ಶುರುವಾದ ಮೇಲೆ ಅಪ್ಪನ ಗಾಡಿ ಹತ್ತುವವರಲ್ಲಿ ಬದುಕಿದವರಿಗಿಂತ ಸತ್ತವರೇ ಹೆಚ್ಚಾದರು. ಆಸ್ಪತ್ರೆಯಿಂದ ಪೆಟ್ಟಿಗೆ ಹೇರಿಕೊಂಡು ಬಡಗಣ ಊರುಗಳಿಗೆ ಹೊರಟವನು ದಾರಿಯಲ್ಲಿ ಮನೆಗೆ ಬಂದು, ಗಾಡಿಯನ್ನು ಬೋರೆ ಮರದ ಕೆಳಗೆ ನಿಲ್ಲಿಸಿ, ಎರಡು ತುತ್ತು ಉಂಡು ಹೋಗುತ್ತಿದ್ದ. ಜೊತೆಗಾರರೂ ಹಾಗೇ. ಓಣಿಯ ಹೆಂಗಸರಿಗೆ ಇದು ಗೊತ್ತಾಗಿಹೋಗಿತ್ತು. ಟ್ಯಾಕ್ಸಿ ತಮ್ಮ ಬಾಗಿಲು ದಾಟಿ ಬೋರೆ ಮರದ ಕೆಳಗೆ ನಿಂತಿತೆಂದರೆ, ಸದ್ಯ, ಇದು ಊಟಕ್ಕೆ ನಿಂತದ್ದು ಎಂದು ಒಳಗೆ ಹೋಗುತ್ತಿದ್ದರು. ಇಡೀ ಬಸ್ರಾದಲ್ಲಿ ಪೆಟ್ಟಿಗೆ ಹೊತ್ತ ಟ್ಯಾಕ್ಸಿ ಬಾಗಿಲಲ್ಲಿ ನಿಂತರೆ ಹೆದರದವಳು ಒಬ್ಬಳೇ. ಖುದೈರನ ತಾಯಿ.

ಹೆದರುತ್ತಿರಲಿಲ್ಲ, ಆದರೆ ಮರುಗುತ್ತಿದ್ದಳು. ಒಳಗಿರುವ ಹುಡುಗ ಯಾವ ತಾಯಿಯ ಮಗನೋ, ಬಿಸಿಲಲ್ಲಿ ಬಂದಿದ್ದಾನೆ ಎಂದು ಪ್ರತಿ ಪೆಟ್ಟಿಗೆಗೂ ನೀರು ಚಿಮುಕಿಸುತ್ತಿದ್ದಳು. ಅದರ ಜೊತೆ ನಾಲ್ಕು ಮಾತಾಡುತ್ತಿದ್ದಳು. ಪ್ರತಿ ಸಲವೂ ಅದೇ ಮಾತು.

ಆ ಮಧ್ಯಾಹ್ನ ಮೀನು ಹುರಿಯುತ್ತಿದ್ದಳು. ಟ್ಯಾಕ್ಸಿಯ ಸದ್ದು ಕೇಳಿ ಗಂಡನೇ ಬಂದ ಎಂದು ನಗುತ್ತಾ ತಂಬಿಗೆ ಹಿಡಿದು ಎದ್ದಳು. ಪುಟ್ಟ ಖುದೈರ್ ಅವಳ ಕಪ್ಪು ಅಬಾಯಾದ ಚುಂಗು ಹಿಡಿದು ಹಿಂದೆಯೇ ಓಡಿದ. ಲಫ್ತಾನನ್ನು ಕಂಡು, "ಓ, ನೀನಾ ತಮ್ಮಾ! ನಮ್ಮವರು ಹಿಂದೆ ಬರ್ತಿದಾರಾ?" ಎಂದಳು. ಲಫ್ತಾ ತಲೆ ಆಡಿಸಿದ. ನೀರು ಕೊಟ್ಟಳು, ಪೆಟ್ಟಿಗೆಗೆ ಚಿಮುಕಿಸಿದಳು, ದಿನದ ಮಾತು ಆಡಿದಳು. "ಒಳಗೆ ಬಾ, ಊಟ ಮಾಡು," ಎಂದಳು. ಅವನು ಒಳಗೆ ಬಂದು ಕೂತ. ಅವಳು ಬಡಿಸಿದಳು. ಅವನು ಉಂಡ! ತುತ್ತು ತುತ್ತಿಗೂ ಕಣ್ಣೊರೆಸಿಕೊಳ್ಳುತ್ತಿದ್ದ, ಖಾರ ಅಕ್ಕಾ ಅನ್ನುತ್ತಿದ್ದ. ಅವಳು ನಕ್ಕು ಇನ್ನೊಂದು ಮೀನು ಹಾಕಿದಳು. ಆಮೇಲೆ ಅಪ್ಪ ಬಂದ. ಬಾವುಟ ಸರಿಸಿ ಪೆಟ್ಟಿಗೆಯ ಮೇಲೆ ಬರೆದ ಹೆಸರು ಓದಿದ. ಸಬ್ರಿ. ಅವರ ಹಿರಿ ಮಗ.

ಆ ಮೇಲಿನದು ಏನು ಹೇಳುವುದು? ಹೊತ್ತು ಹೆತ್ತವಳಿಗೆ ಗೊತ್ತಾಗಲಿಲ್ಲವಂತೆ, ನಕ್ಕೊಂಡು ನೀರು ಹಾಕಿದಳಂತೆ ಎಂದು ಓಣಿ ಆಡಿಕೊಂಡಿತು. ಜನರ ಬಾಯಿಗೆ ಬೀಗವುಂಟೇ? ಆ ಓಣಿಯನ್ನೇ ಬಿಟ್ಟರು. ತಾಯಿ ಮತ್ತೆಂದೂ ಮನೆಯಲ್ಲಿ ಮೀನು ಹುರಿಯಲಿಲ್ಲ. "ಬಾಯಿ ಬಿಡ್ಲಿಲ್ಲವಲ್ಲ ಆ ಪಾಪಿ! ನನ್ನ ಮಗನ್ನ ಬಿಸಿಲಲ್ಲಿ ಬಿಟ್ಟು ನನ್ನ ಕೈಲೇ ಬಡಿಸ್ಕೊಂಡು ತಿಂದ!" ಎಂದು ಸಾಯುವವರೆಗೂ ಲಫ್ತಾನನ್ನು ಬೈದಳು. ಖುದೈರನೂ ಬೈದುಕೊಂಡೇ ಬೆಳೆದ.

"ಖುದೈರ್? ಏನಾಯ್ತೋ?" ಎಂದ ರಸ್ಮಿ.

ಖುದೈರ್ ಹುಡುಗಿಯನ್ನು ನೋಡಿದ. ಗೊತ್ತಿಲ್ಲದ ಮಾತನ್ನು ಆ ಹೆಂಗಸಿನ ಬಾಯಿಗೆ ತುರುಕಲಾರೆ ಎಂದು ನಿಂತಿದ್ದಳು, ಬಿದ್ದರೂ ಬೀಳಲಿ ಎಂದು. ಅಮ್ಮನ ನಗುವನ್ನು ಇಷ್ಟು ಮರ್ಯಾದೆಯಿಂದ ತೋರಿಸಿದವರು ಈ ಭೂಮಿಯ ಮೇಲೆ ಇವಳೊಬ್ಬಳೇ. ಇವಳನ್ನು ಸುಳ್ಳಿ ಎಂದು ಕಳಿಸುವುದೇ? ಕ್ಷಮಿಸಮ್ಮಾ ಎಂದು ಮನಸ್ಸಿನಲ್ಲೇ ಅಂದುಕೊಂಡ.

"ಅದು ಸುಳ್ಳಲ್ಲ," ಎಂದ. "ಅವಳು ನಗ್ತಾನೇ ಬಂದ್ಲು. ನಾನು ಅವಳ ಅಬಾಯಾ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ. ಅವಳು ನಮ್ಮಮ್ಮ."

ಅಪ್ಪನ ಟ್ಯಾಕ್ಸಿ, ಬೋರೆ ಮರ, ದಿನದ ಊಟ, ಪೆಟ್ಟಿಗೆಯ ಮೇಲಿನ ಹೆಸರು, ಎಲ್ಲವನ್ನೂ ಅವನು ತಲೆ ತಗ್ಗಿಸಿಕೊಂಡು ಹೇಳಿದ. ವಿಜ್ದಾನಳ ಮೂಗಿನ ಕೆಂಪು ಕಣ್ಣಿಗೇರಿತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಅವ್ರು ಏನಂದ್ರು, ಉಸ್ತಾದ್?" ರಬಾಬ್ ಪಿಸುಗುಟ್ಟಿದಳು. "ಪೆಟ್ಟಿಗೆಗೆ?"

ಖುದೈರನ ತುಟಿ ಒಂದೆರಡು ಸಲ ದನಿಯಿಲ್ಲದೆ ಆಡಿತು. ಆಮೇಲೆ ಮಾತು ಬಂತು.

"'ಬಿಸಿಲಾಯ್ತಾ ಮಗಾ?' ಅಂದ್ಲು. 'ನಿನ್ನ ಹೆತ್ತವಳಿಗೆ ಇನ್ನೂ ಗೊತ್ತಿಲ್ಲ ನೋಡು. ಒಲೆ ಮುಂದೆ ಕೂತು ನಗ್ತಾ ನಗ್ತಾ ಅಡುಗೆ ಮಾಡ್ತಿರ್ತಾಳೆ. ಇನ್ನೊಂಚೂರು ಹೊತ್ತು ಹಂಗೇ ಇರ್ಲಿ ಬಿಡು, ಪಾಪ.'"

ವಿಜ್ದಾನ್ ಜೋರಾಗಿ ಅತ್ತುಬಿಟ್ಟಳು. ರಸ್ಮಿ ಎದ್ದು ಕಿಟಕಿಯ ಕಡೆ ಹೋದ.

ರಬಾಬ್ ಮಾತ್ರ ಅಳಲಿಲ್ಲ. ಅವಳ ಮುಖದಲ್ಲಿ ಏನೋ ಹೊಳೆಯುತ್ತಾ ಬಂತು. "ಅದಕ್ಕೇ," ಎಂದಳು. "ಅದಕ್ಕೇ ಅಜ್ಜ ಅವತ್ತು ಅವ್ರಿಗೆ ಹೇಳ್ಲಿಲ್ಲ, ಉಸ್ತಾದ್. ನಮ್ಮಜ್ಜಿ ಹೇಳ್ತಿದ್ರು, ಆಸ್ಪತ್ರೇಲಿ ಆ ಪೆಟ್ಟಿಗೇನ ಅಜ್ಜ ಜಗಳ ಮಾಡಿ ತಾವೇ ಇಸ್ಕೊಂಡ್ರಂತೆ. ಗುರುತಿಲ್ಲದವನು ಹೋಗಿ ಹೇಳೋದು ಬೇಡ, ನಾನೇ ಹೇಳ್ತೀನಿ ಅಂತ. ದಾರಿಯುದ್ದಕ್ಕೂ ಹೇಗೆ ಹೇಳೋದು ಅಂತ ಬಾಯಿಪಾಠ ಮಾಡ್ಕೊಂಡು ಹೋದ್ರಂತೆ. ಅಷ್ಟರಲ್ಲಿ ನಿಮ್ಮ ತಾಯೀನೇ ಹಂಗೇ ಇರ್ಲಿ ಬಿಡು ಅಂದ್ರು. ಇನ್ನು ಅವ್ರಾದ್ರೂ ಹೇಗೆ ಬಾಯಿ ಬಿಡ್ತಾರೆ?"

ಖುದೈರ್ ಕುರ್ಚಿಯ ಕೈ ಹಿಡಿದುಕೊಂಡ. ಇಷ್ಟು ವರ್ಷ ಅಮ್ಮನೂ ತಾನೂ ಯಾರನ್ನು ಬೈದೆವು! ಅಮ್ಮ ಯಾವಳೋ ತಾಯಿಗೆಂದು ಬೇಡಿದ್ದನ್ನು ಆ ಮನುಷ್ಯ ಅಮ್ಮನಿಗೇ ಕೊಟ್ಟಿದ್ದ. ತುತ್ತು ಗಂಟಲಲ್ಲಿ ಇಳಿಯದಿದ್ದರೂ ಉಂಡು ಉಂಡು ಆ ಹೊತ್ತನ್ನು ಎಳೆದಿದ್ದ. ಅಮ್ಮ ಕೊನೆಯ ಸಲ ಮನಸಾರೆ ನಕ್ಕದ್ದು ಅವನಿಗೆ ಮೀನು ಬಡಿಸುವಾಗ. ಇದನ್ನು ಹೋಗಿ ಹೇಳೋಣವೆಂದರೆ ಅಮ್ಮ ಇಲ್ಲ. ಇದು ಗೊತ್ತಾಗದೆಯೇ ಸತ್ತಳು, ಬೈಯುತ್ತಲೇ ಸತ್ತಳು.

"ನಿಮ್ಮ ತಾಯಿ ನಮ್ಮಜ್ಜನ ಬಗ್ಗೆ ಯಾವಾಗ್ಲಾದ್ರೂ ಏನಾದ್ರೂ ಅಂದಿದ್ರಾ?" ರಬಾಬ್ ಕೇಳಿದಳು. "ಅಜ್ಜ ನಿಮ್ಮನ್ನೆಲ್ಲ ತುಂಬಾ ಹುಡುಕಿದ್ರು. ಅವ್ರಿಗೆ ಹೋಗಿ ಏನಂತ ಹೇಳ್ಲಿ?"

"ದಿನಾ ನೆನೀತಿದ್ಲು ಅಂತ ಹೇಳು ಮಗಳೇ," ಎಂದ ಖುದೈರ್. "ಒಂದು ದಿನಾನೂ ಮರೀಲಿಲ್ಲ ಅಂತ ಹೇಳು. ನಾಳೆ ನಾನೇ ಬಂದು ಅವರ ಕೈ ಹಿಡ್ಕೋತೀನಿ." ಹೇಗೆ ನೆನೆಯುತ್ತಿದ್ದಳು ಎಂಬುದನ್ನು ಹೇಳಲು ಅವನಿಂದಾಗಲಿಲ್ಲ.

"ಆ ಮಾತನ್ನ ಸಿನಿಮಾದಲ್ಲಿ ಹಾಕ್ಲಾ?"

"ಬೇಡ. ನೀನು ಮಾಡಿರೋದೇ ಸರಿ. ತುಟಿ ಆಡಿದ್ರೆ ಸಾಕು."

"ಪಾಸು," ಎಂದಳು ವಿಜ್ದಾನ್ ಮುಖ ಒರೆಸಿಕೊಳ್ಳುತ್ತಾ. "ಪಾಸು ಕಣೇ, ಇನ್ನೇನು ಬೇಕು ನಿನಗೆ?" ರಸ್ಮಿ ಕಿಟಕಿಯ ಹತ್ತಿರದಿಂದಲೇ ಕೈ ಎತ್ತಿದ.

ಖುದೈರ್ ಇನ್ನೊಂದು ಸಲ ಹಾಕು ಎಂದ. ಮತ್ತೆ ಓಣಿ, ಮತ್ತೆ ಬಾಗಿಲುಗಳು, ಮತ್ತೆ ಆ ಟ್ಯಾಕ್ಸಿ. ಬೋರೆ ಮರದ ಕೆಳಗೆ ಅದು ನಿಂತಿತು. ಹೆಂಗಸು ತಂಬಿಗೆ ಹಿಡಿದು ನಗುತ್ತಾ ಹೊಸ್ತಿಲು ದಾಟಿದಳು.

"ಅಲ್ಲೇ ನಿಲ್ಸು," ಎಂದ ಖುದೈರ್.

ಚಿತ್ರ ನಿಂತಿತು. ಅವಳು ಇನ್ನೂ ಗಾಡಿಯ ಹತ್ತಿರ ಹೋಗಿರಲಿಲ್ಲ. ರಬಾಬ್ ಕಾದಳು. ರಸ್ಮಿ ಕಾದ. ಎಷ್ಟು ಹೊತ್ತಾದರೂ ಖುದೈರ್ ಮುಂದೆ ಹೋಗು ಅನ್ನಲಿಲ್ಲ.

"ಮುಂದೆ ಓಡಿಸ್ಲಾ, ಉಸ್ತಾದ್?"

"ಬೇಡಮ್ಮಾ," ಎಂದ. "ಇನ್ನೊಂಚೂರು ಹೊತ್ತು ಹಂಗೇ ಇರ್ಲಿ ಬಿಡು."