ಬಿಷಪ್ಪರಿಗೆ ಹೆಂಡತಿಯಿಲ್ಲ

ಬಿಷಪ್ ಪೆರಿಸ್ ಕಾಲಿಟ್ಟದ್ದೇ ತಡ, ಚರ್ಚಿನ ಹಿಂದಿನ ಅಡುಗೆಮನೆಯಲ್ಲಿ ಮಾತು ನಿಂತಿತು. ಮೆಕ್ಕೆಜೋಳದ ಹಿಟ್ಟಿನ ಉಗಾಲಿ ಮುದ್ದೆ ತಿರುವುತ್ತಿದ್ದವಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಎದ್ದಳು. ಯಾರೋ ಓಡಿಹೋಗಿ ಬಿಳಿಬಟ್ಟೆ ಹೊದಿಸಿದ ಕುರ್ಚಿ ತಂದು ಹಾಕಿದರು. ವರ್ಷಗಟ್ಟಲೆ ಇದೇ ಒಲೆಯ ಮುಂದೆ ಮೀನು ಹುರಿಯುತ್ತ ಇವರ ಜೊತೆ ಬಾಯಿತುಂಬ ಹರಟಿದವಳಿಗೆ, ಬಿಷಪ್ ಆದಮೇಲೆ ಈ ಮರ್ಯಾದೆ. ಪೆರಿಸ್‌ಗೆ ಅಳುವೇ ಬಂತು.

ಇವತ್ತು ತಾಯಂದಿರ ಸಂಘದ ದಿನ. ಮೆರವಣಿಗೆಯಲ್ಲಿ ಹೆಂಗಸರ ಮುಂದೆ ನಡೆಯುವುದು ಬಿಷಪ್ಪರ ಹೆಂಡತಿ. ಕೀನ್ಯಾದ ನಮ್ಮ ಸೀಮೆಯಲ್ಲಿ ಅದು ಮೊದಲಿಂದ ಬಂದದ್ದು. ಈಗ ಬಿಷಪ್ಪರೇ ಹೆಂಗಸು. ಅವರ ಗಂಡನಿಗೇ ಸಂಘದ ನೀಲಿ ತಲೆವಸ್ತ್ರ ಕಟ್ಟೋಣವೇ ಎಂದು ಊರೆಲ್ಲ ನಕ್ಕೂ ಆಗಿತ್ತು. ಹಿಂದಿನ ಬಿಷಪ್ಪರ ಹೆಂಡತಿ ದೊರ್ಕಾಸ್ ಅಮ್ಮನೇ ಈ ಸಲವೂ ನಡೆಯಲಿ ಎಂದು ಕೇಳಲು ಪೆರಿಸ್ ಬಂದಿದ್ದಳು.

ದೊರ್ಕಾಸ್ ಅಮ್ಮ ಒಪ್ಪಲಿಲ್ಲ. "ನಡೆಯೋದೇನು ದೊಡ್ಡದಲ್ಲ ಮಗಳೇ. ಇವರೆಲ್ಲ ಕಷ್ಟಸುಖ ನನ್ನ ಹತ್ರ ಹೇಳ್ಕೊಳ್ಳೋರು. ಊಟಕ್ಕೆ ಬಡಿಸ್ತಾ ನಾನದನ್ನ ನಮ್ಮನೆಯವರ ಕಿವಿಗೆ ಹಾಕ್ತಿದ್ದೆ. ಈಗ ನಿನ್ನ ಕಿವಿಗೆ ಹಾಕೋರು ಯಾರು?"

"ನನಗೇ ಹೇಳಬಹುದಲ್ಲಮ್ಮ. ನಾನೂ ಇವರಲ್ಲೇ ಒಬ್ಬಳು."

"ಮೊದಲು ಆಗಿದ್ದೆ. ಒಗೊಲ್ಲಾನ ಹಿರೀ ಪಾದ್ರಿ ಮಾಡಿದ್ಯಲ್ಲ, ಯಾರನ್ನ ಕೇಳಿ ಮಾಡ್ದೆ?"

ಪೆರಿಸ್ ಸಮಿತಿಯ ಗಂಡಸರನ್ನು ಕೇಳಿದ್ದಳು. ಅಪ್ಪಟ ಚಿನ್ನದಂಥ ಮನುಷ್ಯ ಎಂದು ಎಲ್ಲರೂ ಹೊಗಳಿದ್ದರು. ಹೋದ ತಿಂಗಳಷ್ಟೇ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದ್ದಳು. ಈಗ ಯಾರ ಮುಖ ನೋಡಿದರೂ ಅವರು ಒಲೆಯತ್ತ ತಿರುಗಿಕೊಂಡರು.

ಚಹಾಕ್ಕೆ ಮುಂಚೆ ಕೈಗೆ ನೀರು ಹಾಕಲು ಒಗೊಲ್ಲಾನ ಹೆಂಡತಿ ಮಿಲ್ಕಾ ಹೂಜಿ, ಬೋಗುಣಿ ಹಿಡಿದು ಬಂದಳು. ಉರಿಯುವ ಒಲೆಗಳ ನಡುವೆಯೂ ಅವಳು ಮುಂಗೈವರೆಗೆ ಎಳೆದುಕೊಂಡ ಉಣ್ಣೆಯ ಸ್ವೆಟರಿನಲ್ಲಿದ್ದಳು. ಪೆರಿಸ್ ಅದನ್ನು ನೋಡಿದಳು. ಹೂಜಿಯನ್ನು ತಾನೇ ಇಸಿದುಕೊಂಡಳು.

"ಮೊದಲು ನೀನು ತೊಳ್ಕೊ."

"ಬೇಡ ಬಿಷಪ್ಪನವರೇ, ದಮ್ಮಯ್ಯ."

ಎಲ್ಲರೂ ಸಾಲಿನಲ್ಲಿ ನಿಂತಾಗಿದೆ, ಬಿಷಪ್ಪರು ಎಲ್ಲಿ ಎಂದು ಒಗೊಲ್ಲಾ ಹೊರಗಿನಿಂದ ಕೂಗಿದ. ಮಿಲ್ಕಾ ಬಾಗಿಲತ್ತ ನೋಡಿ, ಸ್ವೆಟರಿನ ತೋಳು ಮಡಚದೆಯೇ ಕೈ ಚಾಚಿದಳು. ಪೆರಿಸ್ ನೀರು ಸುರಿದಳು. ಉಣ್ಣೆ ನೆನೆದು ಭಾರವಾಗಿ ಜೋತುಬಿತ್ತು. ಅವನು ಮತ್ತೊಮ್ಮೆ ಕೂಗಿದ. ಪೆರಿಸ್ ಓಗೊಡಲಿಲ್ಲ, ಹೂಜಿಯನ್ನು ಕೆಳಗಿಡಲೂ ಇಲ್ಲ.

ದೊರ್ಕಾಸ್ ಅಮ್ಮ ಎದ್ದುಹೋಗಿ ಅಡುಗೆಮನೆಯ ಬಾಗಿಲು ಹಾಕಿ ಚಿಲಕ ಜಡಿದಳು. ಆಗ ಮಿಲ್ಕಾ ಒದ್ದೆಯಾದ ತೋಳನ್ನು ಬಾಸುಂಡೆಗಳ ಮೇಲಿಂದ ಮೆಲ್ಲಗೆ ಮೇಲಕ್ಕೆ ಸರಿಸಿದಳು.