ಒಂದು ಚೊಂಬು ಬಿಸಿನೀರು

ಹುಣಸೂರಿನ ಕಾಲೇಜಿಗೆ ಓದಕ್ಕೆ ಬರೋ ಅಳ್ಳಿ ಎಣ್ಣೈಕ್ಳಿಗೆ ಹಾಸ್ಟೆಲಲ್ಲಿ ಮುದ್ದೆ ಕಟ್ಟಿ ಹಾಕೋಳು ನಾನು, ಸೋಮಮ್ಮ. ಹನ್ನೊಂದು ವರ್ಸ ಆಯ್ತು ಈ ಒಲೆ ಮುಂದೆ ಕೂತು. ಅಡುಗೆಯೋಳ ಮಾತು ಯಾರು ಕೇಳ್ತಾರೆ ಅಂತೀರಾ? ಕೇಳ್ಬೇಡಿ ಬುಡಿ. ಒಟ್ಟೆ ಉರೀತದೆ, ಅದಕ್ಕೇ ಯೋಳ್ತೀನಿ.

ಎಪ್ಪತ್ಮೂರನೇ ಇಸ್ವೀಲಿ ಮುತ್ತಿ ಬಂದ್ಲು. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯೋಳು, ಜೇನುಕುರುಬರ ಕೆಂಚನ ಮಗಳು. ಆ ಹಾಡೀಲಿ ಮೆಟ್ರಿಕ್ ಪಾಸಾದೋಳು ಇವಳೊಬ್ಳೇ. ನರ್ಸ್ ಆಗ್ಬೇಕು ಅಂತ ಆಸೆ ಅವಳಿಗೆ, ಅದಕ್ಕೇ ಪಿಯುಸೀಲಿ ಸೈನ್ಸ್ ತಗೊಂಡಿದ್ಲು. ಬಂದ ದಿನ ಮಂಚದ ಮ್ಯಾಲೆ ಮಲಗಕ್ಕೆ ಎದ್ರಿ ನೆಲದ ಮ್ಯಾಲೆ ಚಾಪೆ ಹಾಸ್ಕೊಂಡಿದ್ಲು. 'ಬೀಳಲ್ಲ ಬುಡವ್ವ, ನೀವು ಜೇನು ಇಳಿಸೋ ಮರಕ್ಕಿಂತ ಎತ್ರ ಐತಾ ಇದು?' ಅಂತ ರೇಗಿಸ್ದೆ. ಅವತ್ತಿಂದ ನಾನು ಅವಳಿಗೆ ಸೋಮಕ್ಕ ಆದೆ.

ಒಂದು ಶನಿವಾರ, ಕಾಲೇಜು ಅರ್ಧ ದಿನ. ಲ್ಯಾಬಿನ ಮೇಷ್ಟ್ರು ರೆಕಾರ್ಡ್ ತಿದ್ದಬೇಕು ಅಂತ ಇವಳೊಬ್ಳನ್ನೇ ನಿಲ್ಲಿಸ್ಕೊಂಡಿದ್ನಂತೆ. ಅವನ ಎಸ್ರು ನನ್ನ ಬಾಯಲ್ಲಿ ಬ್ಯಾಡ. ಎರಡೂವರೆಗೆ ಮುತ್ತಿ ಅಡುಗೆಮನೆ ಹಿಂದಿನ ಬಾಗ್ಲಾಗೆ ಬಂದು ನಿಂತ್ಲು. ರವಿಕೆ ತೋಳು ಅರಿದಿತ್ತು, ಲಂಗದ ಮ್ಯಾಲೆ ರಕ್ತ ಇತ್ತು. 'ಬಾಗ್ಲು ಹಾಕ್ಬುಟ್ಟ ಸೋಮಕ್ಕ' ಅಂದ್ಲು. ಅಷ್ಟರಲ್ಲೇ ನಂಗೆ ಎಲ್ಲಾ ತಿಳೀತು.

ನಮ್ಮ ಕಡೆ ಎಣ್ಣಿಗೆ ಏನೇ ಆಗ್ಲಿ, ಮೊದ್ಲು ತಲೆ ಮ್ಯಾಲೆ ನೀರು ಉಯ್ತೀವಿ. ಮೈನೆರೆದ್ರೆ ನೀರು, ಮಗು ಆದ್ರೆ ನೀರು, ಗಂಡ ಸತ್ರೂ ನೀರು. ನಂಗೆ ಗೊತ್ತಿದ್ದ ಉಪಕಾರ ಅದೊಂದೇ. ಬಚ್ಚಲ ಒಲೆಗೆ ಸೌದೆ ತುರುಕಿ, ಸೀಗೆಪುಡಿ ಹಾಕಿ ತಲೆ ಉಜ್ಜಿ, ಮೈಗೆ ಅರಿಶಿನ ತಿಕ್ಕಿ, ಅಂಡೆ ಖಾಲಿ ಆಗೋವರ್ಗೂ ಉಯ್ದೆ. ಅವಳು 'ಇನ್ನೊಂದು ಚೊಂಬು ಸೋಮಕ್ಕ, ಇನ್ನೊಂದು ಚೊಂಬು' ಅಂತಾನೇ ಇದ್ಲು. ಆ ಲಂಗ ರವಿಕೆ ಅವಳ ಕಣ್ಣಿಗೆ ಬೀಳೋದು ಬ್ಯಾಡ ಅಂತ ಅದೇ ಒಲೆಗೆ ಹಾಕ್ದೆ. ಸಾಯಂಕಾಲ ಒಸಿ ಗಂಜಿ ಕುಡುದು ಮಲಗಿದ್ಲು.

ಸೋಮವಾರ ಅವಳೇ ಎದ್ದು 'ಠಾಣೆಗೆ ಓಗಾನ ನಡಿ' ಅಂದ್ಲು. ಎಂಥ ಎದೆ ಅವಳ್ದು. ಠಾಣೆಯೋರು ಆಸ್ಪತ್ರೆಗೆ ಕಳುಸಿದ್ರು. ಅಲ್ಲಿ ಡಾಕ್ಟ್ರಮ್ಮ ಮೆತ್ತಗೆ ಕೇಳಿದ್ರು, 'ಅವತ್ತು ಉಟ್ಟಿದ್ದ ಬಟ್ಟೆ ಎಲ್ಲಿ?' ಸುಟ್ಬುಟ್ಟೆ ಅಂದೆ. 'ಸ್ನಾನ?' ನಾನೇ ಮಾಡಿಸ್ದೆ, ಅರಿಶಿನ ಹಚ್ಚಿ ಚೆಂದಾಗಿ ಮಾಡಿಸ್ದೆ ಅಂದೆ, ದೊಡ್ಡ ಕೆಲ್ಸ ಮಾಡ್ದೋಳಂಗೆ. ಡಾಕ್ಟ್ರಮ್ಮ ಪೆನ್ನು ಕೆಳಗಿಟ್ರು.

'ಎಲ್ಲಾ ತೊಳೆದುಬಿಟ್ಟಿದ್ದೀಯಲ್ಲಮ್ಮ, ಈಗ ನಾನು ಏನಂತ ಬರೀಲಿ?'

ಮುತ್ತಿ ನನ್ನ ಕಡೆ ತಿರುಗಿ ನೋಡಿದ್ಲು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಕಾಲೇಜು ಕಮಿಟಿಯೋರು ವಿಚಾರಣೆ ಅಂತ ಕೂತು, ಕಾಫಿ ಕುಡುದು, ಸಾಕ್ಷಿ ಇಲ್ಲ ಅಂತ ಬರೆದ್ರು. ಹಾಡಿಯಿಂದ ಕೆಂಚನ್ನ ಕರೆಸಿದ್ರು. ಮಗಳನ್ನ ನನ್ನ ಇಷ್ಟದಿಂದಲೇ ಬಿಡಿಸ್ಕೊಂಡು ಓಗ್ತೀನಿ ಅನ್ನೋ ಕಾಗದಕ್ಕೆ ಅವನ ಎಬ್ಬೆಟ್ಟು ಒತ್ತಿಸ್ಕೊಂಡ್ರು. ಇಂಗ್ಲೀಷಲ್ಲಿ ರುಜು ಹಾಕೋ ಮಗಳು ಪಕ್ಕದಲ್ಲೇ ನಿಂತಿದ್ಲು, ಅವಳನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಆಮ್ಯಾಕೆ ಎಣ್ಣೈಕ್ಳ ರಕ್ಷಣೆಗೆ ಅಂತ ಹಾಸ್ಟೆಲ್ ಗೇಟಿಗೆ ಒಂದು ಬೀಗ ತಂದು, ಬೀಗದಕೈ ನನ್ನ ಸೊಂಟಕ್ಕೆ ಕಟ್ಟಿದ್ರು. 'ಬೀಗ ಆ ಲ್ಯಾಬಿಗೆ ಹಾಕಿ ಸ್ವಾಮಿ' ಅಂದೆ. ನಿನ್ನ ಕೆಲ್ಸ ನೋಡ್ಕೊ ಅಂದ್ರು. ಮುತ್ತಿ ಈಗ ಕೊಡಗಿನ ಯಾವುದೋ ತೋಟದಲ್ಲಿ ಕಾಫಿ ಕುಯ್ತಾಳಂತೆ.

ನಾನು ಡಾಕ್ಟ್ರಮ್ಮನ ತಾವ ವಾಪಸ್ ಓಗಿ, ಏನ್ ಮಾಡ್ಬೇಕಿತ್ತು ಯೋಳಿ ಅಂತ ಕೇಳ್ದೆ. ನೀರು ಮುಟ್ಟಿಸ್ಬಾರ್ದು, ಬಟ್ಟೆ ಬಿಚ್ಚಿಸ್ಬಾರ್ದು, ತಡ ಮಾಡ್ಬಾರ್ದು ಅಂದ್ರು. ಮುದ್ದೆ ಕಟ್ತಾ ಕಟ್ತಾ ಅದ್ನೇ ಬಾಯಿಪಾಠ ಮಾಡ್ದೆ.

ಮುತ್ತಿ ಓಗಿ ಎರಡು ವರ್ಸ ಆಗಿತ್ತು. ರಾವಂದೂರಿನ ದೊಡ್ಡಮಾದಯ್ಯನ ಮಗಳು ಚಿಕ್ಕಸಿದ್ದಮ್ಮ. ಅದೇ ಲ್ಯಾಬು, ಅದೇ ಮೇಷ್ಟ್ರು ನನ್ಮಗ. ಈ ಸಲ ಬೆಳಿಗ್ಗೆ ಹನ್ನೊಂದು ಗಂಟೆ, ಪಾಠದ ಟೈಮು. ಗೇಟಿನ ಬೀಗ ಏನು ಮಾಡ್ತದೆ ಅದಕ್ಕೆ? ಅವಳು ಓಡಿ ಬಂದು ನೇರ ಬಚ್ಚಲಿಗೇ ನುಗ್ಗಿದ್ಲು. ನಾನು ಬಾಗ್ಲಿಗೆ ಅಡ್ಡ ನಿಂತೆ.

'ನೀರು ಉಯ್ಯಿ ಸೋಮಕ್ಕ. ಅವನ ವಾಸ್ನೆ ಬತ್ತೈತೆ ನನ್ನ ಮೈಯಾಗೆ.'

'ಈಗ ಬ್ಯಾಡ ಕಣ್ ಮಗ. ಆಸ್ಪತ್ರೆಗೆ ಓಗಿ ಬಂದ್ಮ್ಯಾಲೆ.'

ಅವತ್ತು ಡಾಕ್ಟ್ರಮ್ಮ ರಜೆ. ಮೈಸೂರಿಗೇ ಓಗ್ಬೇಕಾಯ್ತು. ಅದೇ ಬಟ್ಟೇಲಿ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕ ಕೂರ್ಸಿ, ನನ್ನ ಸೆರಗು ಒದ್ದಿಸ್ದೆ. ಬಿಳಿಕೆರೆ ದಾಟೋವರ್ಗೂ ನೀರು ನೀರು ಅಂತ ಅಳ್ತಾನೇ ಇದ್ಲು. ಆಸ್ಪತ್ರೆ ಅಂಗಳದಲ್ಲಿ ಒಂದು ನಲ್ಲಿ ಕಂಡು ಕೈ ಕೊಸರಿಕೊಂಡು ಓಡಿದ್ಲು. ರಟ್ಟೆ ಹಿಡುದು ಎಳ್ಕೊಂಡು ಬಂದೆ. ನನ್ನ ಬೆರಳು ಅವಳ ತೋಳಿನ ಮ್ಯಾಲೆ ಕೆಂಪಗೆ ಮೂಡಿತ್ತು. ಅಲ್ಲಿಯೋರು ಎಲ್ಲಾ ಬರ್ಕೊಂಡ್ರು, ಬಟ್ಟೆಗೆ ಅರಗಿನ ಮುದ್ರೆ ಹಾಕಿದ್ರು. ಈ ಸಲ ಸಿಕ್ಕಿಬಿದ್ದ ಅಂದ್ಕೊಂಡೆ. ಮುತ್ತಿಗೂ ನ್ಯಾಯ ಸಿಕ್ತು ಅಂದ್ಕೊಂಡೆ.

ಆಸ್ಪತ್ರೆಯಿಂದ್ಲೇ ಮಗಳನ್ನ ಊರಿಗೆ ಕರ್ಕೊಂಡೋಗಿದ್ದ ದೊಡ್ಡಮಾದಯ್ಯ ಹದಿನೈದು ದಿನಕ್ಕೆ ವಾಪಸ್ ಬಂದ್ರು. ಹಾರನಹಳ್ಳೀಲಿ ಮಗಳಿಗೆ ಸಂಬಂಧ ಕುದುರಿತ್ತು. ಕೇಸು ನಡುದ್ರೆ ಅವಳ ಎಸ್ರು ಕೋರ್ಟಲ್ಲಿ ಕೂಗ್ತಾರೆ, ಆಮ್ಯಾಕೆ ಯಾರು ಬತ್ತಾರೆ ಅಂದ್ರು. ಲ್ಯಾಬಲ್ಲಿ ಜಾರಿ ಬಿದ್ದು ಪೆಟ್ಟಾಯ್ತು, ಬ್ಯಾರೆ ಏನೂ ಆಗಿಲ್ಲ ಅಂತ ಮಗಳ ಕೈಲೇ ಬರೆಸಿ ಠಾಣೆಗೆ ಕೊಟ್ಟಿದ್ರು. ನಾನು ಕೂಗಾಡ್ದೆ. ಅವರು ತಲೆ ಎತ್ತದೆ ಕೇಳಿದ್ರು:

'ನಿಮ್ಮ ಮಗಳಾಗಿದ್ರೆ ಏನ್ ಮಾಡ್ತಿದ್ರಿ ಸೋಮಮ್ಮ?'



ಅಪ್ಪ ಆಫೀಸಲ್ಲಿ ಟೀಸಿಗೆ ಕಾಯ್ತಿದ್ರು. ಮಗಳು ಟ್ರಂಕು ತಗೊಳ್ಳಕ್ಕೆ ಒಳಗೆ ಬಂದ್ಲು. ಅವಳು ಬತ್ತಾಳೆ ಅಂತ ನಾನು ಬೆಳಿಗ್ಗೆಯಿಂದ್ಲೂ ಅಂಡೆಗೆ ಉರಿ ಹಾಕಿದ್ದೆ. 'ನೀರು ಕಾದೈತೆ, ಬಾ ಮಗ, ಉಯ್ತೀನಿ' ಅಂದೆ. ಅವಳು ಟ್ರಂಕಿನ ಚಿಲಕ ಹಾಕ್ತಾ ಅಂದ್ಲು:

'ಅವತ್ತು ಕೇಳ್ದೆ ಸೋಮಕ್ಕ, ಒಂದು ಚೊಂಬು. ಈಗ ಯಾಕೆ?'

ಟ್ರಂಕು ಎತ್ಕೊಂಡು ಒಂಟೋದ್ಲು. ಗೇಟಿನ ಬೀಗ ನಾನೇ ತೆಗೆದೆ. ಎದುರಿಗೆ ಲ್ಯಾಬಿನ ಬಾಗ್ಲು ತೆರೆದಿತ್ತು, ಅವನು ಪಾಠ ಮಾಡ್ತಿದ್ದ.