ಕನ್ನಡಿ ಮೇಲಕ್ಕೆ ತಿರುಗಿಸಿದ ಡೆಲ್ಬರ್ಟ್

ಡೆಲ್ಬರ್ಟ್ ಕೇಗಲ್ ಅರ್ಧ ಆಯುಷ್ಯ ಸ್ಟಾಕ್ ಕಾರು ಎಂಬ ರೇಸಿನ ಕಾರು ಓಡಿಸಿಯೇ ಹೊಟ್ಟೆ ಹೊರೆದವನು. ದೊಡ್ಡ ಪಂದ್ಯಗಳಲ್ಲಿ ಗೆದ್ದು ಟೀವಿಯವರ ಮುಂದೆ ಹಲ್ಲು ಕಿರಿದದ್ದೂ ಉಂಟು. ಈಗ ಅಮೆರಿಕದ ಕ್ಯಾರೊಲೈನಾದ ಪೈನ್ ಕ್ರೀಕ್ ಊರಿನ ಪುಟ್ಟ ಟ್ರ್ಯಾಕಿನಲ್ಲಿ, ಕೋಳಿ ಫಾರಮ್ಮಿನ ಹಾಯ್ಟ್ ಸಾಹೇಬರ ಕಾರು ಓಡಿಸುತ್ತಿದ್ದ. ಆ ಸೀಟಿಗೂ ಇವತ್ತು ಸಂಚಕಾರ ಬಂದಿತ್ತು.

“ನಿನ್ ಮೇಲೆ ನಂಗೇನ್ ಸಿಟ್ಟಿಲ್ಲಪ್ಪ,” ಎಂದಿದ್ದರು ಹಾಯ್ಟ್ ಬೆಳಿಗ್ಗೆ. “ಆದ್ರೆ ಇವತ್ತು ಮೊದಲ ಐವರಲ್ಲಿ ಬರ್ಲಿಲ್ಲ ಅಂದ್ರೆ ಮುಂದಿನ ವಾರ ಬೇರೆಯೋನು ಕೂರ್ತಾನೆ. ನನ್ ಕೋಳಿಗಳೇ ನಿನಗಿಂತ ಜೋರಾಗಿ ಓಡ್ತವೆ.”

“ಅವುಗಳ ಹಿಂದೆ ಕತ್ತಿ ಹಿಡಿದೋರು ಇರ್ತಾರಲ್ಲ, ಯಜಮಾನ್ರೇ!”

ಡೆಲ್ಬರ್ಟ್ ನಗುತ್ತಲೇ ಹೆಲ್ಮೆಟ್ ಎತ್ತಿಕೊಂಡಿದ್ದ.

ಕಾರೊಳಗೆ ಬಿಗಿದು ಕಟ್ಟಿಸಿಕೊಂಡ ಮೇಲೆ ಓಡಿಸುವವನು ಕತ್ತು ತಿರುಗಿಸುವಂತಿಲ್ಲ. ಪಕ್ಕದಲ್ಲಿ ಯಾರಿದ್ದಾರೆಂದು ಪ್ರೇಕ್ಷಕರ ಗ್ಯಾಲರಿಯ ಛಾವಣಿ ಮೇಲೆ ನಿಂತು ರೇಡಿಯೋದಲ್ಲಿ ಕಿವಿಗೆ ಹೇಳುವವರೊಬ್ಬರು ಇರಬೇಕು. ಡೆಲ್ಬರ್ಟನಿಗೆ ಆ ಕಣ್ಣು ಅವನಕ್ಕ ವರ್ನಾ. ಅವಳು “ಖಾಲಿ” ಎಂದರೆ ಪಕ್ಕದಲ್ಲಿ ಕಾರಿಲ್ಲವೆಂದು ನಂಬಿ, ಯೋಚಿಸದೆ ಸ್ಟೇರಿಂಗ್ ತಿರುಗಿಸಬೇಕು. ಹೋದ ವರ್ಷ ಇಳಿಬಿಸಿಲು ಕಣ್ಣಿಗೆ ಹೊಡೆದು ಒಂದು ಕಾರು ಅವಳಿಗೆ ಕಾಣಲಿಲ್ಲ. “ಖಾಲಿ” ಎಂದಳು. ಖಾಲಿ ಇರಲಿಲ್ಲ. ಡೆಲ್ಬರ್ಟನ ಕತ್ತಿನ ಬುಡದ ಮೂಳೆ ಮುರಿಯಿತು. ಮೂಳೆ ಕೂಡಿತು, ಆದರೆ ಅಂದಿನಿಂದ ಅವಳು “ಖಾಲಿ” ಎಂದರೂ ಅವನು ಒಮ್ಮೆ ಕನ್ನಡಿ ನೋಡುತ್ತಿದ್ದ. ಅಷ್ಟರಲ್ಲಿ ಸಿಕ್ಕ ಜಾಗದಲ್ಲಿ ಇನ್ನೊಬ್ಬ ನುಗ್ಗಿರುತ್ತಿದ್ದ.

“ಬೇರೆ ಯಾರನ್ನಾದ್ರೂ ಹತ್ತಿಸೋ,” ಎಂದಳು ವರ್ನಾ ಪಂದ್ಯಕ್ಕೆ ಮುಂಚೆ, ಛಾವಣಿಯ ಏಣಿಯ ಬುಡದಲ್ಲಿ. “ನಾನು ಹೇಳಿದ್ಮೇಲೂ ಕಾರು ತಡವರಿಸೋದು ಮೇಲಿಂದ ಕಾಣಲ್ವಾ ನಂಗೆ?”

“ನಿನ್ ಬೈಗುಳ ಇಲ್ದೆ ನಂಗೆ ಗೇರು ಬೀಳಲ್ಲ ಅಕ್ಕ. ಹತ್ತು.”

ಪಂದ್ಯ ಅರ್ಧ ಮುಗಿದರೂ ಡೆಲ್ಬರ್ಟ್ ಎಂಟನೆಯವನಾಗಿಯೇ ಉಳಿದಿದ್ದ. ಯಾರೋ ಗಿರ್ರನೆ ಸುತ್ತಿ ಗೋಡೆಗೆ ತಗುಲಿದರು. ಹಳದಿ ಬಾವುಟ ಬಂತು. ಕಾರುಗಳೆಲ್ಲ ಸಾಲಾಗಿ ನಿಧಾನಕ್ಕೆ ಹೊರಟವು. ಮಾಮೂಲಿನ ದಿನವಾಗಿದ್ದರೆ ಈ ಹೊತ್ತಿಗೆ ವರ್ನಾ ಗ್ಯಾಲರಿಯಲ್ಲಿ ಯಾರ ಟೋಪಿ ಹೇಗಿದೆ, ಯಾರ ಮೈಮೇಲೆ ಸಾಸಿವೆ ಸಾಸ್ ಚೆಲ್ಲಿದೆ ಎಂದು ಕಿವಿಯಲ್ಲಿ ಹರಟುತ್ತಿದ್ದಳು. ಇವತ್ತು ಉಸಿರಿಲ್ಲ. ಆಗ ಅವನಿಗೆ ಹೊಳೆಯಿತು: “ಖಾಲಿ” ಎನ್ನುವುದನ್ನು ಅವಳೂ ತಡೆದು ತಡೆದು ಹೇಳುತ್ತಿದ್ದಾಳೆ. ಅಕ್ಕ ಒಂದು ಕ್ಷಣ ಹೆದರುತ್ತಾಳೆ, ತಮ್ಮ ಇನ್ನೊಂದು ಕ್ಷಣ. ಹೀಗಾದರೆ ಗೆದ್ದಂತೆಯೇ!

ಕೈ ಚಾಚಿ ಕನ್ನಡಿಯನ್ನು ಮೇಲಕ್ಕೆ ತಳ್ಳಿಬಿಟ್ಟ.

“ಅಕ್ಕ, ಕನ್ನಡಿ ತಿರುಗಿಸ್ಬಿಟ್ಟೆ. ಈಗ ಕಾರಿನ ತಗಡು ಬಿಟ್ರೆ ಏನೂ ಕಾಣಲ್ಲ.”

“ಹುಚ್ಚು ಮುಂಡೇದೇ! ಸರಿ ಮಾಡೋ ಅದನ್ನ!”

“ಕೈ ಎಟುಕಲ್ಲ.”

“ಸುಳ್ಳ! ಈಗ ತಾನೇ ಎಟುಕ್ತು!”

“ನೀನು ನೋಡು. ಹೇಳು. ಹೇಳಿದ ತಕ್ಷಣ ಸ್ಟೇರಿಂಗ್ ತಿರುಗಿಸ್ತೀನಿ.”

ಪಂದ್ಯ ಮತ್ತೆ ಶುರುವೆಂದು ಹಸಿರು ಬಾವುಟ ಎದ್ದಿತು. ಮೊದಲ ತಿರುವಿನಲ್ಲೇ ಪಕ್ಕದಲ್ಲೊಂದು ಎಂಜಿನ್ ಗರ್ಜಿಸಿತು.

“ಒಳಬದಿಗಿದ್ದಾನೆ... ಇದ್ದಾನೆ... ಇನ್ನೂ ಇದ್ದಾನೆ... ಖಾಲಿ!”

ಸ್ಟೇರಿಂಗ್ ತಿರುಗಿಸಿದ. ಕೂಡಿದ ಮೂಳೆಯೊಳಗೆ ಚಳುಕು ಹೊಡೆಯಿತು. ಏಟು ಬಿದ್ದೇ ಬೀಳುತ್ತದೆಂದು ಹಲ್ಲು ಕಚ್ಚಿದ. ಏಟು ಬೀಳಲಿಲ್ಲ. ಮುಂದೆ ದಾರಿ ಚಾಪೆ ಹಾಸಿದಂತೆ ಬಿದ್ದಿತ್ತು.

“ಖಾಲಿ! ಹೊರಬದಿಯಿಂದ ಹೋಗು! ಆ ನೀಲಿ ಕಾರಿನವನು ಮದುವೆ ಮೆರವಣಿಗೆ ಹೊರಟಿದ್ದಾನೆ, ಅವನ ಹಿಂದೆ ಓಲಗ ಊದ್ತೀಯೇನೋ?”

ಆಮೇಲೆ ಅವಳ ಬಾಯಿ ನಿಲ್ಲಲೇ ಇಲ್ಲ. ಡೆಲ್ಬರ್ಟ್ ನಾಲ್ಕನೆಯವನಾಗಿ ಗೆರೆ ದಾಟಿದ.

ಹಾಯ್ಟ್ ಕಿಟಕಿಯೊಳಗೆ ತಲೆ ತೂರಿಸಿದರು. “ಮುಂದಿನ ವಾರನೂ ನೀನೇ ಕೂತ್ಕೋ. ನಾಲ್ಕನೇ ಜಾಗಕ್ಕೇ ಹಿಗ್ಗಬೇಡ ಮತ್ತೆ.”

“ಅವನು ಕೂತ್ಕೋತಾನೆ ಸರಿ,” ಎಂದಳು ಏದುಸಿರು ಬಿಡುತ್ತ ಬಂದ ವರ್ನಾ. “ನಂಗೂ ಛಾವಣಿ ಮೇಲೆ ಒಂದು ಕುರ್ಚಿ ಹಾಕ್ಸಿ.”

“ಆ ಕೆಲಸ ಯಾರಾದ್ರೂ ಕೂತು ಮಾಡ್ತಾರೇನಮ್ಮ?”

“ಇವನು ಹಿಂಗೆ ಕನ್ನಡಿ ನೋಡ್ದೆ ಓಡಿಸಿದ್ರೆ ನಿಂತ್ಕೊಳ್ಳೋಕೆ ನನ್ ಕಾಲಲ್ಲಿ ಜೀವ ಇರ್ಬೇಕಲ್ಲ ಸಾಹೇಬ್ರೇ!”